ಒಪ್ಪಂದ ಮುಗಿಯುವ ತಾರೀಖು

ಓದುಗರ ಪತ್ರ: ಅಮೆರಿಕದ ಹೋಮ್‌ಸ್ಟೆಡ್ ಉಕ್ಕಿನ ಕಾರ್ಖಾನೆಯ ಮುಷ್ಕರದ ಲೇಖನ ಓದಿದೆ. 1892ರಲ್ಲಿ ಕಾನೂನು ಕಾರ್ಮಿಕರ ಕಡೆಗಿರಲಿಲ್ಲ, ಸೋತರು. 1935ರಲ್ಲಿ ಸಂಘ ಕಟ್ಟುವ ಹಕ್ಕೇ ಬಂತಲ್ಲ? ಆದರೂ ಅಮೆರಿಕದಲ್ಲಿ ಸಂಘದ ಸದಸ್ಯರು ಈಗ ನೂರಕ್ಕೆ ಸುಮಾರು ಹತ್ತು ಮಂದಿ ಮಾತ್ರ. ಕಾರ್ಮಿಕರಿಗೇ ಸಂಘ ಬೇಡವಾಗಿದೆ ಎಂದಲ್ಲವೆ? - ಓದುಗರೊಬ್ಬರು, ದಾವಣಗೆರೆ

ಸಂಪಾದಕರ ಉತ್ತರ: ನಿಮ್ಮ ಅಂಕಿ ಸರಿ. 2024ರಲ್ಲಿ ಶೇ 9.9, ಖಾಸಗಿ ವಲಯದಲ್ಲಂತೂ ಶೇ 5.9. ತೀರ್ಮಾನ ಮಾತ್ರ ಅವಸರದ್ದು. ಹಕ್ಕು ಸಿಕ್ಕ ಮೇಲೂ ಒಪ್ಪಂದ ಕೈಗೆ ಬರುವವರೆಗೆ ಕಾಯುವ ತಾಕತ್ತು ಬೇಕು.

ಹೋಮ್‌ಸ್ಟೆಡ್ ಎಂದರೆ ಗುಂಡಿನ ಕಾಳಗವೇ ನೆನಪಾಗುತ್ತದೆ, ಮಾತುಕತೆಯ ಕಾಗದ ಯಾರಿಗೂ ನೆನಪಿಲ್ಲ. ಅಲ್ಲಿ ನುರಿತ ಕೆಲಸಗಾರರ ಕೂಲಿ ಉಕ್ಕಿನ ಬೆಲೆಯ ಜೊತೆ ಏರಿಳಿಯುತ್ತಿತ್ತು. ಬೆಲೆ ಎಷ್ಟೇ ಕುಸಿದರೂ ಟನ್ನಿಗೆ 25 ಡಾಲರ್ ಎಂದೇ ಲೆಕ್ಕ ಹಿಡಿಯಬೇಕಿತ್ತು. ಕಾರ್ಖಾನೆಯ ಒಡೆಯ ಕಾರ್ನೆಗಿಯ ಕಂಪನಿ ನಡೆಸುತ್ತಿದ್ದ ಹೆನ್ರಿ ಫ್ರಿಕ್ ಇದನ್ನು 22ಕ್ಕೆ ಇಳಿಸಲು ಹೊರಟ. ಚೌಕಾಸಿಯಲ್ಲಿ ಆತ 23ಕ್ಕೆ ಬಂದ, ಸಂಘ 24ಕ್ಕೆ ಇಳಿಯಿತು. ಉಳಿದದ್ದು ಒಂದೇ ಡಾಲರ್. ಕಂಪನಿಯ ಇನ್ನೊಂದು ಷರತ್ತು ಇದಕ್ಕಿಂತ ಚಾಣಾಕ್ಷದ್ದು: ಒಪ್ಪಂದ ಜೂನ್ ಕೊನೆಗಲ್ಲ, ಡಿಸೆಂಬರ್ ಕೊನೆಗೆ ಮುಗಿಯಬೇಕು. ಮುಷ್ಕರದ ಹೊತ್ತು ಬರುವುದೇ ಒಪ್ಪಂದ ಮುಗಿದಾಗ. ಹೊಟ್ಟೆಗೂ ಒಲೆಗೂ ದುಡ್ಡು ಹೊಂದಿಸಬೇಕಾದ ಮನೆ ಪೆನ್ಸಿಲ್ವೇನಿಯಾದ ಚಳಿಯಲ್ಲಿ ಎಷ್ಟು ವಾರ ಮುಷ್ಕರ ತಾಳೀತು? ಜುಲೈ 6ರಂದು ಕಂಪನಿ ಕರೆಸಿ ದೋಣಿಗಳಲ್ಲಿ ಬಂದ, ಪಿಂಕರ್ಟನ್ ಎಂಬ ಖಾಸಗಿ ಸಂಸ್ಥೆಯ 300 ಕಾವಲುಗಾರರನ್ನು ಕಾರ್ಮಿಕರು ಸೋಲಿಸಿದರು. ಆಮೇಲೆ ರಾಜ್ಯದ ಸೈನ್ಯ ಬಂತು, ಅದರ ರಕ್ಷಣೆಯಲ್ಲಿ ಹೊಸ ಆಳುಗಳು ಬಂದರು. ನವೆಂಬರ್ ಹೊತ್ತಿಗೆ ಮುಷ್ಕರ ಮುಗಿಯಿತು.

ಈಗಿನ ದಾರಿ ಹೀಗಿದೆ. ಸಂಘ ಬೇಕೆಂದು ಶೇ 30 ಕೆಲಸಗಾರರು ಸಹಿ ಹಾಕಿದರೆ ಗುಪ್ತ ಮತದಾನ; ಬಿದ್ದ ಮತಗಳಲ್ಲಿ ಅರ್ಧಕ್ಕಿಂತ ಹೆಚ್ಚು ಬಂದರೆ ಮಾಲೀಕ ಮಾತುಕತೆಗೆ ಕೂರಬೇಕು. ಕೂರಬೇಕು, ಅಷ್ಟೆ! ಒಪ್ಪಲೇಬೇಕೆಂದು ಕಾನೂನು ಹೇಳುವುದಿಲ್ಲ. ಸಂಘ ಕಟ್ಟಿದವರನ್ನು ವಜಾ ಮಾಡಿದರೆ ಸರ್ಕಾರದ ಕಾರ್ಮಿಕ ಮಂಡಳಿ ದಂಡ ಹಾಕುವಂತಿಲ್ಲ. ಬಾಕಿ ಸಂಬಳ ಕೊಡಿಸುತ್ತದೆ, ಅದರಲ್ಲೂ ಅವರು ಬೇರೆಡೆ ದುಡಿದದ್ದನ್ನು ಕಳೆದು. ಕೂಲಿಗಾಗಿ ಮುಷ್ಕರ ಹೂಡಿದವರ ಜಾಗಕ್ಕೆ ಕಾಯಂ ಆಗಿ ಬೇರೆಯವರನ್ನು ತರಬಹುದೆಂದು ಸುಪ್ರೀಂ ಕೋರ್ಟ್ 1938ರಲ್ಲೇ ಹೇಳಿದೆ. ನ್ಯೂಯಾರ್ಕಿನ ಸ್ಟೇಟನ್ ಐಲ್ಯಾಂಡಿನ ಅಮೆಜಾನ್ ಗೋದಾಮಿನಲ್ಲಿ 2022ರ ಏಪ್ರಿಲ್‌ನಲ್ಲಿ ಸಂಘ 2,654-2,131 ಮತಗಳಿಂದ ಗೆದ್ದಿತು. ಕಂಪನಿ ತಕರಾರು ಹೂಡಿತು. ಎರಡು ವರ್ಷ ಕಳೆದರೂ ಒಪ್ಪಂದ ಆಗಿರಲಿಲ್ಲ. ದೇಶದ ಸಂಪತ್ತಿನಲ್ಲಿ ಕೆಳಗಿನ ಅರ್ಧದಷ್ಟು ಕುಟುಂಬಗಳ ಪಾಲು ಶೇ 3ನ್ನೂ ಮುಟ್ಟದಿರುವಾಗ ಇಂಥ ಎಳೆದಾಟದಲ್ಲಿ ಮೊದಲು ದಣಿಯುವವರು ಯಾರೆಂದು ಬಿಡಿಸಿ ಹೇಳಬೇಕಿಲ್ಲ.

ಈ ಲೆಕ್ಕವನ್ನು ಚೆನ್ನಾಗಿ ಬಲ್ಲದ್ದು ಅಮೆರಿಕದ ಕಾರು ಕಾರ್ಮಿಕರ ಸಂಘ (ಯುಎಡಬ್ಲ್ಯು). 2023ರಲ್ಲಿ ಅದರ ಮುಷ್ಕರ ನಿಧಿ 82.5 ಕೋಟಿ ಡಾಲರ್, ಮುಷ್ಕರ ಭತ್ಯೆ ತಲೆಗೆ ವಾರಕ್ಕೆ 500 ಡಾಲರ್. ಫೋರ್ಡ್, ಜನರಲ್ ಮೋಟರ್ಸ್, ಸ್ಟೆಲಾಂಟಿಸ್ ಎಂಬ ಮೂರು ಕಂಪನಿಗಳ ಸುಮಾರು ಒಂದೂವರೆ ಲಕ್ಷ ಜನರನ್ನೂ ಒಟ್ಟಿಗೆ ಹೊರಗೆ ಕರೆದಿದ್ದರೆ ಹನ್ನೊಂದು ವಾರಕ್ಕೆ ಗಂಟು ಖಾಲಿ. ಹಾಗಾಗಿ ಕಂಪನಿಗೊಂದರಂತೆ ಮೂರೇ ಕಾರ್ಖಾನೆಗಳಲ್ಲಿ, ಸುಮಾರು 13,000 ಮಂದಿಯೊಂದಿಗೆ ಶುರು ಮಾಡಿದರು. ವಾರದ ಖರ್ಚು 65 ಲಕ್ಷ ಡಾಲರ್. ಮುಂದೆ ಯಾವ ಕಾರ್ಖಾನೆಯ ಸರದಿ ಎಂಬುದು ಕಂಪನಿಗಳಿಗೆ ತಿಳಿಯುತ್ತಿರಲಿಲ್ಲ. ಆರು ವಾರಗಳಲ್ಲಿ ಒಪ್ಪಂದ ಕೈಗೆ ಬಂತು: ಅದರ ಅವಧಿಯಲ್ಲಿ ಕೂಲಿ ಒಟ್ಟು ಶೇ 25ರಷ್ಟು ಏರಬೇಕು. ಹೊಸ ಒಪ್ಪಂದ ಮುಗಿಯುವ ದಿನ 2028ರ ಏಪ್ರಿಲ್ 30, ಮೇ ದಿನದ ಹಿಂದಿನ ದಿನ. ಎಲ್ಲರೂ ಒಟ್ಟಿಗೆ ಮುಷ್ಕರ ಹೂಡಲು ಆಗುವಂತೆ ಬೇರೆ ಸಂಘಗಳೂ ತಮ್ಮ ಒಪ್ಪಂದಗಳನ್ನು ಅದೇ ತಾರೀಖಿಗೆ ಮುಗಿಯುವಂತೆ ಮಾಡಿಕೊಳ್ಳಲಿ ಎಂದು ಸಂಘ ಕರೆ ಕೊಟ್ಟಿದೆ.