ಒಬ್ಬರೇ ಅಜಂತಾಕ್ಕೆ? ಸೋಮವಾರ ಬೇಡ

ಪ್ರಶ್ನೆ: ನಮ್ಮೂರ ಬಳಿಯ ಕೈಲಾಸಗಿರಿ ಬೆಟ್ಟದ ಗುಹೆ ಕಂಡಾಗಿನಿಂದ ಅಜಂತಾ, ಎಲ್ಲೋರಾದ ಬೌದ್ಧ ಗುಹೆಗಳನ್ನು ನೋಡುವ ಗೀಳು ಹಿಡಿದಿದೆ. ಹೊಲಿಗೆ ಕೆಲಸದವಳು. ಜೊತೆಗೆ ಬರುವವರಿಲ್ಲ, ಕೈಯಲ್ಲಿ ಹೆಚ್ಚು ಹಣವೂ ಇಲ್ಲ. ಹೋಗಬಹುದೇ?
– ಓದುಗರೊಬ್ಬರು, ಚಿಂತಾಮಣಿ

ಉತ್ತರ: ಧಾರಾಳವಾಗಿ ಹೋಗಿ. ಜೊತೆಗಾರರಿಗಾಗಿ ಕಾಯುತ್ತಾ ಕುಳಿತರೆ ಮೊಮ್ಮಕ್ಕಳ ಮದುವೆಯೇ ಬಂದೀತು.

ಬೆಂಗಳೂರಿನವರೆಗೆ ಶಕ್ತಿ ಯೋಜನೆಯಿದೆ, ಟಿಕೆಟ್ ಚಿಂತೆಯಿಲ್ಲ. ಅಲ್ಲಿಂದ ಕರ್ನಾಟಕ ಎಕ್ಸ್‌ಪ್ರೆಸ್‌ನ ಸ್ಲೀಪರ್ ಬೋಗಿಯಲ್ಲಿ ಜಳಗಾಂವ್. ಅಜಂತಾ ಮತ್ತೆ ಸುಮಾರು 60 ಕಿ.ಮೀ. ಬಸ್ಸಿನಲ್ಲಿ ಹೋಗಿ ಫರ್ದಾಪುರದ ಕೂಡುರಸ್ತೆಯಲ್ಲಿ ಇಳಿದರೆ, ಉಳಿದ 4 ಕಿ.ಮೀ.ಗೆ ಅಲ್ಲಿಯದೇ ಬಸ್ಸಿದೆ. ಅಜಂತಾಕ್ಕೆ ಸೋಮವಾರ ರಜೆ, ಎಲ್ಲೋರಾಕ್ಕೆ ಮಂಗಳವಾರ. ಡೋಲಿಯವರು ಕರೆಯುತ್ತಾರೆ, ಕೈಲಾಸಗಿರಿ ಹತ್ತಿದ ಕಾಲಿಗೆ ಅದು ದಂಡದ ಖರ್ಚು.

1ನೇ ಗುಹೆಯಲ್ಲಿ ಎಲ್ಲರೂ ತಾವರೆ ಹಿಡಿದ ಬೋಧಿಸತ್ವ ಪದ್ಮಪಾಣಿಯ ಚಿತ್ರದ ಮುಂದೆ ನೂಕಾಡುತ್ತಾರೆ. ನೀವು ಹೊಲಿಗೆಯವರು, ಪಕ್ಕದ ಗೋಡೆಗಳಲ್ಲಿರುವವರ ಪಟ್ಟೆ ಬಟ್ಟೆಗಳನ್ನು ನೋಡಿ. ಆದರೆ ನನ್ನ ಮಾತು ಕೇಳುವುದಾದರೆ, 26ನೇ ಗುಹೆಗೆ ಹೆಚ್ಚು ಸಮಯ ಉಳಿಸಿಕೊಳ್ಳಿ. ಎಡಗೋಡೆಗೆ ಬುದ್ಧ ಬಲಮಗ್ಗುಲಾಗಿ ಮಲಗಿದ್ದಾನೆ, ಸುಮಾರು 7 ಮೀಟರ್ ಉದ್ದ. ಅದು ಅವನ ಪರಿನಿರ್ವಾಣ, ಅಂದರೆ ದೇಹ ಬಿಟ್ಟ ಗಳಿಗೆ. ಕೆಳಗೆ ಶಿಷ್ಯರು ದುಃಖದಲ್ಲಿ ಕುಸಿದಿದ್ದಾರೆ. ಮೇಲೆ ದೇವತೆಗಳಿಗೆ ಸಂಭ್ರಮ!

ಎಲ್ಲೋರಾಕ್ಕೆ ಛತ್ರಪತಿ ಸಂಭಾಜಿನಗರದಲ್ಲಿ, ಅಂದರೆ ಹಳೆಯ ಔರಂಗಾಬಾದಿನಲ್ಲಿ, ಬಸ್ ನಿಲ್ದಾಣದ ಸುತ್ತ ಕೋಣೆ ಹಿಡಿಯಿರಿ. ಕತ್ತಲಾಗುವ ಮುನ್ನ ತಲುಪಿ, ಬಾಗಿಲಿನ ಚಿಲಕ ನೋಡಿಯೇ ಮುಂಗಡ ಕೊಡಿ. 1ರಿಂದ 12 ಬೌದ್ಧ ಗುಹೆಗಳು. 10ನೆಯದರ ಚಾವಣಿಯಲ್ಲಿ ಕಲ್ಲನ್ನೇ ಮರದ ತೊಲೆಗಳಂತೆ ಕಡೆದಿದ್ದಾರೆ.

ಲೇಸಿನ ಶೂ ಬೇಡ, ಚಪ್ಪಲಿ ಸಾಕು. ಅಜಂತಾದ ಚಿತ್ರಗಳಿರುವ ಗುಹೆಗಳಿಗೆ ಪಾದರಕ್ಷೆ ಹೊರಗೇ ಬಿಡಬೇಕು.