2016ರ ಹಳದಿ ಜ್ವರ: ಲಸಿಕೆ ಇದ್ದೂ ಯಾಕೆ ಹರಡಿತು?

ಲಸಿಕೆ ಇದ್ದೂ ಆಫ್ರಿಕಾದ ಅಂಗೋಲಾದಲ್ಲಿ ಹಳದಿ ಜ್ವರ (ಸೊಳ್ಳೆಯಿಂದ ಬರುವ ವೈರಸ್ ಕಾಯಿಲೆ) ಹರಡಿತಲ್ಲ, ಅಂದ್ರೆ ವಿಶ್ವ ಆರೋಗ್ಯ ಸಂಸ್ಥೆಯ ಪ್ರಯತ್ನ ಸೋತಿತಾ ಅಂತ ಕೇಳಿದ್ದೀರಿ. ಪೂರ್ತಿ ಸೋತಿತು ಅನ್ನಲಾರೆ. 2006ರಿಂದ ಪಶ್ಚಿಮ ಆಫ್ರಿಕಾದಲ್ಲಿ 10 ಕೋಟಿಗೂ ಜಾಸ್ತಿ ಜನರಿಗೆ ಲಸಿಕೆ ಹಾಕಿದ್ದರು. ಅಲ್ಲಿ ಕಾಯಿಲೆ ದೊಡ್ಡ ಪ್ರಮಾಣದಲ್ಲಿ ಹರಡುವುದು ನಿಜಕ್ಕೂ ಕಡಿಮೆಯಾಯಿತು. ಆದರೆ ಅಂಗೋಲಾ ಕಡೆ ಅಷ್ಟು ಗಮನ ಹೋಗಲಿಲ್ಲ. ರಾಜಧಾನಿ ಲುವಾಂಡಾದಲ್ಲಿ ಲಸಿಕೆ ಪಡೆಯದ ದೊಡ್ಡವರೇ ತುಂಬಿದ್ದರು. ಡೆಂಗಿಯ ಜೊತೆಗೆ ಹಳದಿ ಜ್ವರವನ್ನೂ ಹರಡುವ ಈಡಿಸ್ ಸೊಳ್ಳೆಯೂ ಅಲ್ಲಿತ್ತು.

ನನ್ನ ಪ್ರಕಾರ ದೊಡ್ಡ ಕೊರತೆ ದಾಸ್ತಾನಿನದು. ತುರ್ತಿಗೆ ಅಂತ ಇಟ್ಟಿದ್ದು ಸುಮಾರು 60 ಲಕ್ಷ ಡೋಸ್. ಅದು ಬೇಗ ಖಾಲಿಯಾಯಿತು. ಈ ಲಸಿಕೆಯನ್ನು ಕೋಳಿಮೊಟ್ಟೆಯ ಭ್ರೂಣದಲ್ಲಿ ಬೆಳೆಸಬೇಕು, ತಯಾರಕರೂ ಬೆರಳೆಣಿಕೆಯಷ್ಟು. ಬೇಕೆಂದಾಗ ಹೆಚ್ಚಿಸಲು ಆಗಲ್ಲ.

ಪಕ್ಕದ ಕಾಂಗೋದ ಕಿನ್ಶಾಸಾದಲ್ಲಿ ಆಗಸ್ಟ್‌ನಲ್ಲಿ ಮಾಡಿದ್ದು ನನಗೆ ಇಡೀ ಕಥೆಯಲ್ಲೇ ಮುಖ್ಯ ಅನ್ನಿಸುತ್ತದೆ. ಇದ್ದ ಲಸಿಕೆ ಹೆಚ್ಚು ಜನರಿಗೆ ಸಾಲಲಿ ಅಂತ 0.5 ಮಿಲಿ ಬದಲು 0.1 ಮಿಲಿ, ಅಂದರೆ ಐದನೇ ಒಂದು ಭಾಗ ಕೊಟ್ಟರು. ಎರಡು ವರ್ಷದೊಳಗಿನ ಮಕ್ಕಳಿಗೆ, ಗರ್ಭಿಣಿಯರಿಗೆ ಮಾತ್ರ ಪೂರ್ತಿ ಡೋಸ್. ಹೀಗೆ 70 ಲಕ್ಷಕ್ಕೂ ಹೆಚ್ಚು ಜನರನ್ನು ತಲುಪಿದರು. ಎಂಥ ದಿಟ್ಟ ನಿರ್ಧಾರ, ಅಲ್ವಾ?

ಅದೇ ವರ್ಷ ಅಂಗೋಲಾದಿಂದ ಮರಳಿದ 11 ಮಂದಿಯಲ್ಲಿ ಚೀನಾದಲ್ಲಿ ಸೋಂಕು ಕಂಡಿತು. ಏಷ್ಯಾದಲ್ಲಿ ಹರಡಲಿಲ್ಲ, ಸದ್ಯ. ಆದರೂ 'ಆಫ್ರಿಕಾದ ಸಮಸ್ಯೆ' ಅಂತ ನಾವು ಸುಮ್ನೆ ಇರುವಂತಿಲ್ಲ. ಹಳದಿ ಜ್ವರ ತಡೆಯಲು 2017ರಲ್ಲಿ ಶುರುವಾದ ವಿಶ್ವ ಆರೋಗ್ಯ ಸಂಸ್ಥೆಯ ಯೋಜನೆ ಅಪಾಯ ಹೆಚ್ಚಿರುವ 40 ದೇಶಗಳನ್ನು ಗುರುತಿಸಿದೆ. ಅದರ ಯಶಸ್ಸನ್ನು ಅಳೆಯುವಾಗ ಲಸಿಕೆ ಅಭಿಯಾನಗಳ ಲೆಕ್ಕಕ್ಕಿಂತ, ಪ್ರತಿ ಮಗುವಿಗೆ ಒಂಬತ್ತನೇ ತಿಂಗಳಲ್ಲಿ ತಪ್ಪದೆ ಲಸಿಕೆ ಸಿಗುತ್ತಿದೆಯಾ ಅಂತ ನೋಡಿ.