ಡಂಪರ್ ಓಡಿಸಿದ ಮಾವ ಕೊನೆಯ ಸಾಲಿನಲ್ಲಿ ಯಾಕೆ?

ಭದ್ರಾವತಿಯಿಂದ ಲೇಖನ ಕಳಿಸಿದ ಗೆಳೆಯರಿಗೆ ನಮಸ್ಕಾರ.

ಕೆಲಸ ನಿಂತ ಮೇಲೂ ಜನ ನೋಡಲೆಂದು ಉಳಿಸಿಕೊಂಡಿರುವ ದೊಡ್ಡ ಗಣಿ ಯಂತ್ರಗಳ ಬಗ್ಗೆ ಬರೆದಿದ್ದೀರಿ. ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ವಿಷಯ ನನಗೆ ತುಂಬಾ ಹಿಡಿಸಿತು. ಅದಕ್ಕೇ ಸುಮ್ನೆ ವಾಪಸ್ ಕಳಿಸದೆ ಇಷ್ಟು ಬರೆಯುತ್ತಿದ್ದೇನೆ.

ಮೊದಲು ಒಂದು ತಪ್ಪು. ಅಮೆರಿಕದ ಓಹಾಯೋದಲ್ಲಿ ‘ಬಿಗ್ ಮಸ್ಕಿ’ ಎಂಬ ಡ್ರಾಗ್‌ಲೈನ್ (ಹಗ್ಗಕ್ಕೆ ಕಟ್ಟಿದ ಬಕೆಟ್ ಎಳೆದು ಮಣ್ಣು ತೆಗೆಯುವ ಯಂತ್ರ) ಇವತ್ತಿಗೂ ನಿಂತಿದೆ ಎಂದಿದ್ದೀರಿ. ಇಲ್ಲ. 1999ರಲ್ಲಿ ಅದನ್ನು ಒಡೆದು ಗುಜರಿಗೆ ಹಾಕಿದರು. ಉಳಿದದ್ದು ಅದರ ಬಕೆಟ್ ಒಂದೇ. ಅದನ್ನು ಗಣಿ ಕಾರ್ಮಿಕರ ನೆನಪಿನ ಪಾರ್ಕಿನಲ್ಲಿ ಇಟ್ಟಿದ್ದಾರೆ. ಇಡೀ ಯಂತ್ರ ಹೋಗಿ ಬಕೆಟ್ ಮಾತ್ರ ಉಳಿಯಿತು ಎನ್ನುವುದು ನೀವು ಬರೆದದ್ದಕ್ಕಿಂತ ಒಳ್ಳೆಯ ಕಥೆ ಅಲ್ವಾ?

ಇನ್ನು ಅಂಕಿಗಳು. ಒಂದೊಂದು ಪ್ಯಾರಾದಲ್ಲೂ ಟನ್, ಮೀಟರ್ ಪೇರಿಸಿದ್ದೀರಿ. ಓದುವವರ ತಲೆಯಲ್ಲಿ ಒಂದೂ ನಿಲ್ಲುವುದಿಲ್ಲ. ಜರ್ಮನಿಯ ಲಿಖ್ಟರ್‌ಫೆಲ್ಡ್‌ನಲ್ಲಿರುವ ಎಫ್60 ಯಂತ್ರ 502 ಮೀಟರ್ ಉದ್ದ, ಮಲಗಿಸಿದ ಐಫೆಲ್ ಟವರ್‌ನಂತೆ ಎಂದಿದ್ದೀರಿ. ನಮ್ಮ ಓದುಗರಲ್ಲಿ ಐಫೆಲ್ ಟವರ್ ನೋಡಿದವರು ಎಷ್ಟು ಜನ? ಜೋಗದ ರಾಜ ಬೀಳುವುದು 253 ಮೀಟರ್ ಎತ್ತರದಿಂದ. ಅದರ ಹತ್ತಿರ ಹತ್ತಿರ ಎರಡರಷ್ಟು ಎಂದರೆ ಸಾಗರದವರಿಗೂ ಸೊರಬದವರಿಗೂ ತಕ್ಷಣ ಗೊತ್ತಾಗುತ್ತದೆ. ಇನ್ನೊಂದು ವಿಷಯ. ಕಲ್ಲಿದ್ದಲಿನ ಮೇಲಿನ ಮಣ್ಣು ಸಾಗಿಸಲು ಕಟ್ಟಿದ ಆ ಯಂತ್ರ 1991–92ರಲ್ಲಿ ಬರೀ 13 ತಿಂಗಳು ಕೆಲಸ ಮಾಡಿತು. ಆ ಮೇಲೆ ಗಣಿಯೇ ಮುಚ್ಚಿತು. ಈಗ ಆ ಗಣಿಯ ಗುಂಡಿ ಒಂದು ಕೆರೆ. ಇದನ್ನು ನೀವು ಅರ್ಧ ಸಾಲಿನಲ್ಲಿ ದಾಟಿಸಿಬಿಟ್ಟಿದ್ದೀರಿ.

ಅಮೆರಿಕದ ಕಾನ್ಸಾಸ್‌ನಲ್ಲಿರುವ ‘ಬಿಗ್ ಬ್ರೂಟಸ್’ ಎಂಬ, ಮಣ್ಣು ಬಾಚುವ ಶವೆಲ್ ಯಂತ್ರದ ಭಾಗ ಚೆನ್ನಾಗಿದೆ. ಒಂದು ಸಲ ಬಾಚಿದರೆ ಮೂರು ರೈಲು ವ್ಯಾಗನ್ ತುಂಬುತ್ತಿತ್ತು ಎಂಬ ಮಾತು ಕಣ್ಣಿಗೆ ಕಟ್ಟಿತು. 1963ರಲ್ಲಿ ಶುರುವಾದ ಆ ಶವೆಲ್ 1974ಕ್ಕೇ ನಿಂತಿತು. ಸುಮಾರು 5,000 ಟನ್ ತೂಕದ್ದು. ಎಲ್ಲಿ ನಿಂತಿತೋ ಅಲ್ಲೇ ಉಳಿಯಿತು, 1985ರಲ್ಲಿ ಮ್ಯೂಸಿಯಂ ಆಯಿತು. ಇಲ್ಲಿ ನಿಮ್ಮ ವಾಕ್ಯಗಳು ಚಿಕ್ಕವು, ನೇರವಾಗಿವೆ. ಉಳಿದ ಕಡೆ ‘ದೈತ್ಯ’ ಎಂಬ ಪದ ಹನ್ನೊಂದು ಸಲ ಬಂದಿದೆ. ಎಲ್ಲವನ್ನೂ ಹೊಡೆದು ಹಾಕಿ.

ಈಗ ಮುಖ್ಯವಾದದ್ದು. ನಿಮ್ಮ ಲೇಖನದ ಕೊನೆಯ ಸಾಲು ಹೀಗಿದೆ: ‘ನನ್ನ ಸೋದರಮಾವನೂ ಕುದುರೆಮುಖದಲ್ಲಿ ಡಂಪರ್ ಓಡಿಸುತ್ತಿದ್ದರು.’ ಓದಿ ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತೆ. ಇಷ್ಟು ಹೊತ್ತು ಇವರನ್ನು ಎಲ್ಲಿ ಬಚ್ಚಿಟ್ಟಿದ್ದಿರಿ? ಕಾನ್ಸಾಸ್ ನೀವೂ ನೋಡಿಲ್ಲ, ನಾನೂ ನೋಡಿಲ್ಲ. ಮಾವ ನಿಮ್ಮ ಮನೆಯ ಜಗಲಿಯಲ್ಲೇ ಕೂತಿದ್ದಾರೆ.

ಅವರನ್ನು ಕೇಳಿ. ಆಷಾಢದ ಮಳೆಯಲ್ಲಿ, ಮುಂದಿನ ಗಾಡಿಯೂ ಕಾಣದ ಮಂಜಿನಲ್ಲಿ ಹೇಗೆ ಓಡಿಸುತ್ತಿದ್ದರು? ಕ್ಯಾಬಿನ್‌ಗೆ ಎಷ್ಟು ಮೆಟ್ಟಿಲು ಹತ್ತಬೇಕಿತ್ತು? ಅವರು ಸುರಿದ ಕಬ್ಬಿಣದ ಅದಿರು ಪುಡಿಯಾಗಿ, ನೀರಿನೊಂದಿಗೆ ಕಲಸಿ, 67 ಕಿಲೋಮೀಟರ್ ಪೈಪಿನಲ್ಲಿ ಘಟ್ಟ ಇಳಿದು ಮಂಗಳೂರು ಸೇರುತ್ತಿತ್ತು. ಅದನ್ನು ಅವರು ಹೇಗೆ ಹೇಳುತ್ತಾರೆ? ಸುಪ್ರೀಂ ಕೋರ್ಟ್ ಆದೇಶದಂತೆ 2005ರ ಡಿಸೆಂಬರ್ ಕೊನೆಗೆ ಗಣಿ ನಿಂತಿತಲ್ಲ, ಆ ಕೊನೆಯ ಪಾಳಿಯಲ್ಲಿ ಅವರು ಇದ್ದರಾ?

ಒಂದು ಮಾತು ಜೋಪಾನ. ಮಾವನ ಕೆಲಸ ಹೋದ ನೋವನ್ನು ಬರೆಯಿರಿ. ಹೂಳು ತುಂಬಿದ ಭದ್ರೆಯನ್ನೂ ಬಿಡಬೇಡಿ. ಆ ಹೊಳೆ ಗಣಿಯ ಪಕ್ಕದಿಂದ ಹರಿದು ನಿಮ್ಮ ಊರಿಗೇ ಬರುತ್ತದೆ. ಕಾಡು, ಹೊಳೆ ಉಳಿಯಬೇಕೆಂದು ಹೋರಾಡಿದವರೂ ಇದೇ ಮಲೆನಾಡಿನವರು. ಯಾರನ್ನೂ ಕೆಟ್ಟವರನ್ನಾಗಿ ಮಾಡದೆ ಎರಡನ್ನೂ ಒಂದೇ ಲೇಖನದಲ್ಲಿ ಇಡುವುದು ಕಷ್ಟ. ನಿಮಗೆ ಅದು ಸಾಧ್ಯ ಅನ್ನಿಸುತ್ತದೆ.

ಹೊರದೇಶದ ಯಂತ್ರಗಳಲ್ಲಿ ಎರಡನ್ನು ಇಟ್ಟುಕೊಳ್ಳಿ, ಜಾಸ್ತಿ ಬೇಡ. ಮಾವನಿಂದ ಶುರು ಮಾಡಿ. ಅವರು ಡಂಪರ್ ಪಕ್ಕ ನಿಂತ ಹಳೆಯ ಫೋಟೊ ಇದ್ದರೆ ಅದನ್ನೂ ಕಳಿಸಿ. ಚಕ್ರ ಅವರ ತಲೆಗಿಂತ ಎಷ್ಟು ಎತ್ತರ ಅಂತ ಓದುಗರೇ ನೋಡಿಕೊಳ್ಳಲಿ.